ಬಾಗಿದ ತಲೆ

ನಶ್ವರವಾದ ದೇಹವನ್ನು ಸಿಂಗರಿಸುವುದೂ ಒಂದು ಕಾಯಕವೇ? ಈ ಪ್ರಶ್ನೆಯನ್ನು ನನ್ನ ಮುಂದಿಟ್ಟವರು ಒಬ್ಬ ಹಿರಿಯರು. ಬಿ.ಕಾಂ. ಮುಗಿಸಿ, ಪಾರ್ಲರ್ ಕೆಲಸವನ್ನೇ ಕಲಿಯುತ್ತೇನೆಂದು ಹಟ ಹಿಡಿದ ಮೊಮ್ಮಗಳನ್ನು ಕಡೂರಿನ ನನ್ನ ಅಂಗಡಿಗೆ ಕರೆದುಕೊಂಡು ಬಂದಿದ್ದರು. ಕೊರಳಲ್ಲಿ ಕರಡಿಗೆ, ಹಣೆಯಲ್ಲಿ ವಿಭೂತಿ, ಬೆಳಿಗ್ಗೆ ಎದ್ದು ನಾಲ್ಕು ವಚನ ಓದದೆ ಕಾಫಿ ಮುಟ್ಟದ ಮನುಷ್ಯ. "ಅಡುಗೆ ಮಾಡಿದರೆ ಹಸಿವು ಹೋಗ್ತದೆ. ಬಟ್ಟೆ ನೇಯ್ದರೆ ಮಾನ ಮುಚ್ತದೆ. ಇವತ್ತು ತಿದ್ದಿದ ಹುಬ್ಬು ತಿಂಗಳೊಳಗೆ ಮತ್ತೆ ಬೆಳೀತದೆ. ಇದರಿಂದ ಯಾರಿಗೆ ಏನು ಬಂತಮ್ಮಾ?" ಎಂದರು. ಚುಚ್ಚುವುದಕ್ಕೆ ಕೇಳಿದ್ದಲ್ಲ, ತಿಳಿಯುವುದಕ್ಕೇ ಕೇಳಿದ್ದು. ಹಾಗಾಗಿಯೇ ಆ ಮಾತು ನನ್ನಲ್ಲಿ ಉಳಿದುಬಿಟ್ಟಿತು. ಅವತ್ತು ಅವರಿಗೆ ಹೇಳಿದ್ದು ಸ್ವಲ್ಪ, ಆಮೇಲೆ ಕೆಲಸ ಮಾಡುತ್ತಲೇ ಯೋಚಿಸಿದ್ದು ಬಹಳ.

ದೇಹ ಅಶಾಶ್ವತ ಅನ್ನುವುದನ್ನು ನಮ್ಮ ಕಸುಬಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ತಲೆಗೂದಲು ತಿಂಗಳಿಗೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಬೆಳೆಯುತ್ತದೆ. ದಿನಕ್ಕೆ 50ರಿಂದ 100 ಕೂದಲು ತಾವಾಗಿ ಉದುರುತ್ತವೆ. ಚರ್ಮದಿಂದ ಹೊರಗೆ ಬಂದ ಕೂದಲಿನಲ್ಲಿ ಜೀವವಿಲ್ಲ. ಮುಖದ ಚರ್ಮದ ಮೇಲ್ಪದರವೂ ಸತ್ತ ಕೋಶಗಳದ್ದೇ. ಸುಮಾರು ಒಂದು ತಿಂಗಳಲ್ಲಿ ಅದು ಕಳಚಿ ಹೊಸದು ಬರುತ್ತದೆ. ನಮ್ಮ ಕತ್ತರಿ, ಬಾಚಣಿಗೆ, ಬ್ರಷ್ಷು ಎಲ್ಲ ಓಡಾಡುವುದು ಹೀಗೆ ಸತ್ತುಹೋದದ್ದರ ಮೇಲೆ. ಆದರೆ ಕುರ್ಚಿಯಲ್ಲಿ ಕೂತವಳು ಬದುಕಿದ್ದಾಳೆ. ಕೂದಲು ಕತ್ತರಿಸಿದರೆ ಕೂದಲಿಗೆ ನೋವಾಗುವುದಿಲ್ಲ. ಅವಳನ್ನು ಕೇಳದೆ ಕತ್ತರಿಸಿದರೆ ಅವಳಿಗೆ ಆಗುವ ನೋವು ವರ್ಷಗಟ್ಟಲೆ ಆರುವುದಿಲ್ಲ. ನಮ್ಮ ಕೆಲಸದ ಧರ್ಮ ಯಾವುದು, ಅಧರ್ಮ ಯಾವುದು ಅನ್ನುವುದನ್ನು ಹುಡುಕಬೇಕಾದದ್ದು ಇಲ್ಲಿ ಎಂದು ನನಗೆ ಕಾಣುತ್ತದೆ.

ಅಲಂಕಾರ ಅಂದರೆ ಭೋಗ, ಮಾಯೆ ಅನ್ನುವವರಿಗೆ ನಮ್ಮ ಸೀಮೆಯಲ್ಲೇ ಉತ್ತರವಿದೆ. ನಮ್ಮೂರಿನಿಂದ ಬೇಲೂರು ದೂರವಿಲ್ಲ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಚೆನ್ನಕೇಶವ ದೇವಸ್ಥಾನದ ಹೊರಗೋಡೆಯ ಮೇಲೆ ಕನ್ನಡಿ ಹಿಡಿದು ಮುಖ ನೋಡಿಕೊಳ್ಳುವ ದರ್ಪಣಸುಂದರಿ ಇದ್ದಾಳೆ. ಆ ಮದನಿಕೆಯರ ಕಾಲ ಬಳಿ ಶಿಲ್ಪಿ ಪುಟ್ಟಪುಟ್ಟ ಪರಿಚಾರಕಿಯರನ್ನೂ ಕೆತ್ತಿದ್ದಾನೆ. ಬೇಲೂರಿಗೆ ಹೋದವರೆಲ್ಲ ಸುಂದರಿಯನ್ನು ನೋಡುತ್ತಾರೆ. ನನ್ನ ಕಣ್ಣು ಆ ಪುಟ್ಟ ಹೆಂಗಸರ ಕಡೆಗೇ ಹೋಗುತ್ತದೆ. ಅವರಿಲ್ಲದೆ ಅವಳ ತುರುಬು ಆ ರೀತಿ ಕಟ್ಟಲು ಆಗುತ್ತಿರಲಿಲ್ಲ. ಒಳಗೆ ಗರ್ಭಗುಡಿಯಲ್ಲಿ ದೇವರಿಗೂ ದಿನಾ ಅಲಂಕಾರವಾಗುತ್ತದೆ. ಹನುಮಂತನಿಗೆ ಬೆಣ್ಣೆ ಅಲಂಕಾರ ಮಾಡಿ ಸಂಜೆಗೆ ತೆಗೆದುಬಿಡುತ್ತಾರೆ. ಸಂಜೆಯವರೆಗೆ ಮಾತ್ರ ಇತ್ತಲ್ಲ ಎಂದು ಯಾರೂ ಅದನ್ನು ವ್ಯರ್ಥ ಅನ್ನುವುದಿಲ್ಲ. ಬೇಗ ಅಳಿಯುತ್ತದೆ ಅನ್ನುವುದು ಒಂದು ಕೆಲಸವನ್ನು ಸಣ್ಣದು ಮಾಡುವುದಾದರೆ ಪೂಜೆಯೂ ಸಣ್ಣದಾಗಬೇಕು.

ಇನ್ನು ಕೂದಲಿನ ವಿಷಯಕ್ಕೆ ಬಂದರೆ, ಕೂದಲನ್ನು ಕಡೆಗಣಿಸಿದ ಧರ್ಮ ಯಾವುದಿದೆ? ಮಗುವಿಗೆ ಜವಳ ತೆಗೆಸುತ್ತೇವೆ. ಹರಕೆ ಹೊತ್ತು ಮುಡಿ ಕೊಡುತ್ತೇವೆ. ಹಜ್ ಯಾತ್ರೆ ಮಾಡಿದ ಗಂಡಸರು ಕೊನೆಯಲ್ಲಿ ತಲೆ ಬೋಳಿಸಿಕೊಳ್ಳುತ್ತಾರೆ ಇಲ್ಲವೇ ಕೂದಲು ಕತ್ತರಿಸಿಕೊಳ್ಳುತ್ತಾರೆ, ಹೆಂಗಸರು ಬೆರಳ ತುದಿಯಷ್ಟು ಕತ್ತರಿಸುತ್ತಾರೆ. ಸಿಖ್ಖರು ಕೂದಲಿಗೆ ಕತ್ತರಿಯನ್ನೇ ತಾಗಿಸುವುದಿಲ್ಲ. ತಿರುಮಲದ ಕಲ್ಯಾಣಕಟ್ಟೆಯಲ್ಲಿ ಭಕ್ತರು ಕೊಟ್ಟ ಕೂದಲು ಹರಾಜಾಗಿ, ಕಡಲು ದಾಟಿ, ವಿಗ್ ಆಗುತ್ತದೆ. 2004ರಲ್ಲಿ ಜೆರುಸಲೇಮಿನ ಹಿರಿಯ ರಬ್ಬಿಯೊಬ್ಬರು, ವಿಗ್ರಹಕ್ಕೆ ಅರ್ಪಿಸಿದ ಕೂದಲನ್ನು ತೊಡುವಂತಿಲ್ಲ ಎಂದು ತೀರ್ಪು ಕೊಟ್ಟಾಗ, ಸಂಪ್ರದಾಯಸ್ಥ ಯಹೂದಿ ಹೆಂಗಸರು ಸಾವಿರಾರು ರೂಪಾಯಿ ಬೆಲೆಯ ವಿಗ್ಗುಗಳನ್ನು ಬೀದಿಗೆ ತಂದು ಸುಟ್ಟರು. ಇಲ್ಲಿ ಒಬ್ಬ ತಾಯಿ ಮಗ ಹುಷಾರಾದನೆಂದು ದೇವರಿಗೆ ಕೊಟ್ಟ ಕೂದಲು, ಅಲ್ಲಿ ಇನ್ನೊಬ್ಬ ತಾಯಿ ತನ್ನ ದೇವರಿಗೆ ಅಂಜಿ ಬೆಂಕಿಗೆ ಹಾಕಿದಳು. ಜೀವವಿಲ್ಲದ ಎಳೆಗೆ ಇಷ್ಟು ಭಾರ ಬಂದಿರುವುದು ಅದನ್ನು ಹೊತ್ತ ತಲೆಯಿಂದ.

ನನ್ನ ಕಸುಬಿಗೆ ಎದುರಾಗಿ ನಿಲ್ಲುವ ನಿಜವಾದ ವಾದ ಒಂದೇ, ಅದು ಶ್ರವಣಬೆಳಗೊಳದ್ದು. ದಿಗಂಬರ ಮುನಿಗಳು ತಮ್ಮ ಕೂದಲನ್ನು ತಾವೇ ಕೈಯಿಂದ ಕಿತ್ತುಕೊಳ್ಳುತ್ತಾರೆ. ಕೇಶಲೋಚ ಅನ್ನುತ್ತಾರೆ. ಕತ್ತಿ ಇಟ್ಟುಕೊಂಡರೆ ಅದೊಂದು ಪರಿಗ್ರಹ, ಕ್ಷೌರಿಕನನ್ನು ಕರೆದರೆ ಅದೊಂದು ಪರಾಧೀನತೆ. ಬೂದಿ ಮುಟ್ಟಿದ ಬೆರಳುಗಳಿಂದ ಗಡ್ಡದ ಕೂದಲನ್ನು ಎಳೆಎಳೆಯಾಗಿ ಕೀಳುವುದನ್ನು ನಾನು ನೋಡಿದ್ದೇನೆ. ಮುಖದಲ್ಲಿ ಒಂದು ಗೆರೆಯೂ ಅಲುಗುವುದಿಲ್ಲ. ಆ ಮುನಿಗಳಿಗೆ ಕೈಮುಗಿಯುತ್ತೇನೆ. ಅವರ ಹಾದಿಯಲ್ಲಿ ನನ್ನಂಥವಳ ಕೆಲಸಕ್ಕೆ ಜಾಗವಿಲ್ಲ, ಇರಬೇಕಾಗಿಯೂ ಇಲ್ಲ. ಆದರೆ ಅವರು ಯಾವುದನ್ನು ಬಿಟ್ಟಿದ್ದಾರೆ ಅನ್ನುವುದರಿಂದಲೇ ನಾವು ಯಾವುದನ್ನು ಹಿಡಿದಿದ್ದೇವೆ ಅನ್ನುವುದು ನನಗೆ ಗೊತ್ತಾಯಿತು. ಅವರು ಬಿಟ್ಟದ್ದು ಇನ್ನೊಬ್ಬರ ಕೈಯನ್ನು. ಸಂಸಾರದಲ್ಲಿರುವ ನಾವೆಲ್ಲ ಆ ಕೈ ಬೇಕಾದವರು. ತನ್ನ ಹಿಂದಲೆಯನ್ನು ತಾನೇ ನೋಡಿಕೊಳ್ಳಲು ಯಾರಿಂದಲೂ ಆಗುವುದಿಲ್ಲ. ಎಂಥ ದೊಡ್ಡ ಮನುಷ್ಯನೂ ಅಲ್ಲಿ ಕತ್ತರಿ ಆಡಿಸಬೇಕಾದರೆ ಇನ್ನೊಬ್ಬರ ಮುಂದೆ ತಲೆ ಬಾಗಿಸಲೇಬೇಕು.

ಹೊಸದಾಗಿ ಬಂದ ಹುಡುಗಿಯ ಕೈಗೆ ನಾನು ಮೊದಲು ಕೊಡುವುದು ದಾರದ ಉಂಡೆ. ಒಂದು ತುದಿ ಹಲ್ಲಿನಲ್ಲಿ ಕಚ್ಚಿ, ಎರಡು ಕೈಯಲ್ಲಿ ದಾರ ಹಿಡಿದು, ನಡುವೆ ಐದಾರು ಸುತ್ತು ತಿರುಚಿ, ಆ ತಿರುಚು ಮುಂದೆ ಹಿಂದೆ ಓಡಾಡುವಂತೆ ಬೆರಳು ಅಗಲಿಸಿ ಮುಚ್ಚಬೇಕು. ಮೊದಲ ವಾರಗಳಲ್ಲಿ ಅವಳು ತನ್ನ ಮೊಣಕಾಲ ಕೆಳಗಿನ ಕೂದಲಿನ ಮೇಲೇ ಅಭ್ಯಾಸ ಮಾಡಬೇಕು. ಯಾವ ಕಡೆ ಎಳೆದರೆ ಎಷ್ಟು ನೋವು ಅಂತ ತನ್ನ ಚರ್ಮಕ್ಕೇ ಗೊತ್ತಾಗಲಿ. ಆಮೇಲೆ ಹುಬ್ಬು. ಗಿರಾಕಿ ತಲೆಯನ್ನು ಹಿಂದಕ್ಕೆ ಒರಗಿಸಿ, ಕಣ್ಣು ಮುಚ್ಚಿ, ಒಂದು ಕೈಯಿಂದ ರೆಪ್ಪೆಯನ್ನೂ ಇನ್ನೊಂದು ಕೈಯಿಂದ ಹಣೆಯನ್ನೂ ಬಿಗಿಯಾಗಿ ಎಳೆದು ಹಿಡಿದುಕೊಳ್ಳುತ್ತಾಳೆ. ಕಣ್ಣು ಮುಚ್ಚಿ ಗಂಟಲು ತೆರೆದು ಕೂತ ಅಪರಿಚಿತ ಹೆಂಗಸು. ಅವಳ ಉಸಿರು ನಮ್ಮ ಮುಖಕ್ಕೆ ತಾಗುತ್ತದೆ, ನಮ್ಮದು ಅವಳಿಗೆ. 50 ರೂಪಾಯಿಯ ಕೆಲಸ. ಆದರೆ ಆ ಎರಡು ನಿಮಿಷ ಅವಳು ನಮ್ಮ ಮೇಲೆ ಇಟ್ಟ ನಂಬಿಕೆಯನ್ನು ಮನೆಯಲ್ಲಿ ಗಂಡನ ಮೇಲೂ ಇಟ್ಟಿರುತ್ತಾಳೋ ಇಲ್ಲವೋ. ಕೆಲಸ ಕಲಿಯುವ ಮಕ್ಕಳಿಗೆ ಆಕಾರ, ಆರ್ಚು ಎಲ್ಲ ಆಮೇಲೆ ಹೇಳಿಕೊಡುತ್ತೇನೆ. ಮುಂಚೆ, ಮುಟ್ಟುವ ಮೊದಲು "ಮುಟ್ಟಲಾ?" ಎಂದು ಕೇಳುವುದನ್ನು ಕಲಿಸುತ್ತೇನೆ.

ಇದನ್ನು ನಾನು ಕಲಿತದ್ದು ಯಾವ ಪುಸ್ತಕದಿಂದಲೂ ಅಲ್ಲ. ನಾವು ಸವಿತಾ ಸಮಾಜದವರು. ನಮ್ಮಪ್ಪ ಊರಿಗೆ ಕ್ಷೌರದವನು. ಸುಗ್ಗಿಯಲ್ಲಿ ಮನೆಮನೆಯಿಂದ ಆಯ ಬರುತ್ತಿತ್ತು, ರಾಗಿ, ಹುರುಳಿ, ಒಂದಿಷ್ಟು ಕಾಯಿ. ಪೆಟ್ಟಿಗೆಯಲ್ಲಿ ಕತ್ತಿ, ಮಸೆಯುವ ಕಲ್ಲು, ಪಟಿಕ, ಹಿತ್ತಾಳೆ ಬಟ್ಟಲು. ಜಗಲಿಯ ಮೇಲೆ ಕೂರುವಂತಿರಲಿಲ್ಲ. ದನದ ಕೊಟ್ಟಿಗೆಯ ಪಕ್ಕ, ಇಲ್ಲವೇ ಹೊಂಗೆ ಮರದ ಕೆಳಗೆ. ಕ್ಷೌರ ಮಾಡಿಸಿಕೊಂಡವರು ಏನನ್ನೂ ಮುಟ್ಟದೆ ನೇರ ಬಚ್ಚಲಿಗೆ ಹೋಗುತ್ತಿದ್ದರು. ಬೆಳಿಗ್ಗೆ ಹೊರಟಾಗ ಅಪ್ಪ ಎದುರಾದರೆ ಅಪಶಕುನವೆಂದು ವಾಪಸು ಮನೆಯೊಳಗೆ ಹೋಗಿ ಒಂದು ಗಳಿಗೆ ಕೂತು ಹೊರಡುತ್ತಿದ್ದರು. ಅದೇ ಮನೆಯ ಮದುವೆಗೆ ಮಂಗಳವಾದ್ಯ ನುಡಿಸಬೇಕಾದವರೂ ನಾವೇ. ಅಪ್ಪನ ನಾಗಸ್ವರ, ಚಿಕ್ಕಪ್ಪನ ಡೋಲು. ನಮ್ಮಜ್ಜಿ ಊರಿನ ಸೂಲಗಿತ್ತಿ. ಆ ಊರಿನ ಜನ ಭೂಮಿಗೆ ಬಿದ್ದದ್ದು ನಮ್ಮ ಕೈಗೆ, ಜವಳ ತೆಗೆಸಿಕೊಂಡದ್ದು ನಮ್ಮ ಕೈಯಲ್ಲಿ, ತಾಳಿ ಕಟ್ಟಿದ್ದು ನಮ್ಮ ವಾದ್ಯಕ್ಕೆ, ಸತ್ತಾಗ ಮಕ್ಕಳ ತಲೆ ಬೋಳಿಸಿದ್ದು ನಮ್ಮ ಕತ್ತಿ. ನಮ್ಮ ಕೈಯಿಲ್ಲದೆ ಒಂದು ಶುಭವೂ ಇಲ್ಲ, ಅಶುಭವೂ ಇಲ್ಲ, ಆದರೂ ಆ ಕೈ ಮೈಲಿಗೆ. ಇದನ್ನು ಧರ್ಮ ಎಂದು ಕರೆದವರು ಧರ್ಮಕ್ಕೆ ಅವಮಾನ ಮಾಡಿದರು ಎಂದೇ ನಾನು ನಂಬಿದ್ದೇನೆ.

ಹಾಗೆ ನಂಬುವುದಕ್ಕೆ ನನಗೆ ಹಿರಿಯರ ಬಲವಿದೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರಿಗೆ ಅತ್ಯಂತ ಹತ್ತಿರದವರಾಗಿದ್ದವರು, ನಮ್ಮ ಕಸುಬಿನವರೇ ಎಂದು ನಮ್ಮ ಜನ ನಂಬುವ ಹಡಪದ ಅಪ್ಪಣ್ಣ. ಅವರೂ ವಚನಕಾರರು, ಹೆಂಡತಿ ಲಿಂಗಮ್ಮನೂ ವಚನಕಾರ್ತಿ. ಬಸವಣ್ಣನವರನ್ನು ನೋಡಬೇಕಾದವರು ಮೊದಲು ಅಪ್ಪಣ್ಣನವರ ಮುಖ ನೋಡಬೇಕು ಎಂದು ನಿಯಮ ಮಾಡಿ, ಆ ಅಪಶಕುನದ ಮಾತಿಗೆ ಕೊನೆ ಹಾಡಿದರೆಂದು ನಮ್ಮ ಜನ ಹೇಳಿಕೊಂಡು ಬಂದಿದ್ದಾರೆ. ಅದಕ್ಕೂ ಬಹಳ ಹಿಂದಿನದು ಉಪಾಲಿಯ ಕಥೆ. ಬೌದ್ಧರ ಪಾಲಿ ಗ್ರಂಥಗಳಲ್ಲಿ ಇದೆ. ಅವನು ಶಾಕ್ಯ ರಾಜಕುಮಾರರ ಕ್ಷೌರಿಕ. ಆನಂದ, ಅನುರುದ್ಧ, ದೇವದತ್ತ ಮೊದಲಾದವರು ಬುದ್ಧನ ಬಳಿ ಸನ್ಯಾಸಕ್ಕೆ ಹೊರಟಾಗ ತಮ್ಮ ಒಡವೆಗಳನ್ನೆಲ್ಲ ಬಿಚ್ಚಿ ಅವನ ಕೈಗಿತ್ತು, ಮನೆಗೆ ಹೋಗು ಎಂದರು. ಅವನು ಸ್ವಲ್ಪ ದೂರ ಹೋಗಿ, ಒಡವೆಯ ಗಂಟನ್ನು ಮರಕ್ಕೆ ನೇತುಹಾಕಿ, ಅವರ ಹಿಂದೆಯೇ ಬಂದ. ರಾಜಕುಮಾರರು ಬುದ್ಧನಿಗೆ ಹೇಳಿದರು: ಇವನಿಗೆ ಮೊದಲು ದೀಕ್ಷೆ ಕೊಡಿ, ಇವನು ನಮಗಿಂತ ಹಿರಿಯನಾಗಲಿ, ನಾವು ಇವನಿಗೆ ನಮಸ್ಕರಿಸುವಂತಾಗಲಿ, ನಮ್ಮ ಕುಲದ ಗರ್ವ ಇಳಿಯಲಿ. ಹಾಗೆಯೇ ಆಯಿತು. ಬುದ್ಧ ತೀರಿಕೊಂಡ ಮೇಲೆ ರಾಜಗೃಹದಲ್ಲಿ ಭಿಕ್ಷುಗಳು ಸಭೆ ಸೇರಿದಾಗ, ವಿನಯದ ನಿಯಮಗಳೆಲ್ಲವನ್ನೂ ಹೇಳಿದವನು ಇದೇ ಉಪಾಲಿ. ಸಂಘದ ನಡತೆಯ ಕಾನೂನು ಉಳಿದುಬಂದದ್ದು ಒಬ್ಬ ಕ್ಷೌರಿಕನ ನೆನಪಿನಲ್ಲಿ. ನನಗೆ ಇದು ಆಕಸ್ಮಿಕ ಅನ್ನಿಸುವುದಿಲ್ಲ. ಬೇರೆಯವರ ಕೊರಳಿನ ಮೇಲೆ ಕತ್ತಿ ಆಡಿಸುವವನಿಗೆ ನಿಯಮದ ಬೆಲೆ ಗೊತ್ತಿರುತ್ತದೆ.

ಆದರೆ ನಮ್ಮ ಕೈ ಯಾವಾಗಲೂ ಪುಣ್ಯದ ಕೆಲಸವನ್ನೇ ಮಾಡಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ನಮ್ಮ ತಾತ ಬೆಳಗಿನ ಜಾವ, ಇನ್ನೂ ಕತ್ತಲಿರುವಾಗ, ಕೆಲವು ಮನೆಗಳ ಹಿತ್ತಲ ಬಾಗಿಲಿಗೆ ಹೋಗುತ್ತಿದ್ದರಂತೆ. ವಿಧವೆಯರ ತಲೆ ಬೋಳಿಸುವುದಕ್ಕೆ. ಕೆಲವರು ಅಜ್ಜಿಯರು, ಕೆಲವರು ಇನ್ನೂ ಹುಡುಗಿಯರು. ಮಲೆನಾಡಿನ ಅಂಥ ಒಬ್ಬ ಬಾಲವಿಧವೆಯ ಬದುಕನ್ನು ಎಂ.ಕೆ. ಇಂದಿರಾ 'ಫಣಿಯಮ್ಮ' ಕಾದಂಬರಿಯಲ್ಲಿ ಬರೆದಿದ್ದಾರೆ. ಪ್ರೇಮಾ ಕಾರಂತರು ಅದನ್ನು ಸಿನಿಮಾ ಮಾಡಿದರು. ಅದನ್ನು ಓದಿದವರೆಲ್ಲ ಫಣಿಯಮ್ಮನಿಗಾಗಿ ಮರುಗುತ್ತಾರೆ, ನಾನೂ ಮರುಗಿದೆ. ಜೊತೆಗೆ ಕತ್ತಿ ಹಿಡಿದ ಕೈಯನ್ನೂ ಯೋಚಿಸಿದೆ. ಅದು ನಮ್ಮ ತಾತನಂಥವರ ಕೈ. ತಾತನಿಗೆ ಇಷ್ಟವಿರಲಿಲ್ಲ, ಆ ದಿನ ಅವರು ಅನ್ನ ಮುಟ್ಟುತ್ತಿರಲಿಲ್ಲ ಎಂದು ಅಜ್ಜಿ ಹೇಳುತ್ತಿದ್ದರು. ಇಷ್ಟವಿಲ್ಲದಿದ್ದರೂ ಮಾಡಿದರು. ಊರು ಹೇಳಿತು, ಶಾಸ್ತ್ರ ಹೇಳಿತು, ಆಯ ನಿಂತುಹೋಗುವ ಭಯ ಹೇಳಿತು.

1890ರಲ್ಲಿ ಮುಂಬಯಿಯ ಕ್ಷೌರಿಕರು ಬೇರೆ ತೀರ್ಮಾನಕ್ಕೆ ಬಂದರು. ಗಿರಣಿ ಕಾರ್ಮಿಕರ ನಾಯಕ, ಜೋತಿಬಾ ಫುಲೆಯವರ ಸಂಗಡಿಗ ನಾರಾಯಣ ಮೇಘಾಜಿ ಲೋಖಂಡೆಯವರ ಮುಂದಾಳತ್ವದಲ್ಲಿ ನೂರಾರು ಜನ ಸಭೆ ಸೇರಿ, ಇನ್ನು ಮುಂದೆ ವಿಧವೆಯರ ತಲೆಗೆ ಕತ್ತಿ ಹಚ್ಚುವುದಿಲ್ಲ ಎಂದು ನಿರ್ಧರಿಸಿದರು. ಓದು ಕಲಿತವರು ಪತ್ರಿಕೆಗಳಲ್ಲಿ ಶಾಸ್ತ್ರಾರ್ಥ ನಡೆಸುತ್ತಿದ್ದ ಕಾಲದಲ್ಲಿ, ಕತ್ತಿ ಹಿಡಿದವರೇ ಕತ್ತಿ ಕೆಳಗಿಟ್ಟರು. ನಮ್ಮ ಕಸುಬಿನ ಚರಿತ್ರೆಯಲ್ಲಿ ನನಗೆ ಇದಕ್ಕಿಂತ ದೊಡ್ಡ ದಿನ ಕಾಣುವುದಿಲ್ಲ. ಪಾರ್ಲರ್ ಕೋರ್ಸಿನ ಮೊದಲ ಪಾಠವಾಗಿ ಇದನ್ನು ಹೇಳಬೇಕು, ನಾನು ಹೇಳುತ್ತೇನೆ.

ಹಾಗಾದರೆ ಬೇಡ ಅನ್ನುವ ಹಕ್ಕು ನಮಗಿದೆಯೇ? ಇದೆ. ಆದರೆ ಇದೇ ಹಕ್ಕಿನ ಹೆಸರಿನಲ್ಲಿ ನಡೆಯುವ ಇನ್ನೊಂದು ಪಾಪವನ್ನೂ ಹೇಳಲೇಬೇಕು. ನಮ್ಮಪ್ಪ ದಲಿತರ ಕೇರಿಗೆ ಹೋಗುತ್ತಿರಲಿಲ್ಲ. ಅವರ ತಲೆ ಮುಟ್ಟಿದ ಕೈ ನಮ್ಮ ತಲೆ ಮುಟ್ಟಬಾರದು ಎಂದು ಊರಿನ ಗೌಡರು ಕಟ್ಟು ಮಾಡಿದ್ದರು. ಮೈಲಿಗೆ ಎಂದು ಊರು ಕೊಟ್ಟಿಗೆಯ ಪಕ್ಕ ಕೂರಿಸಿದ ಮನುಷ್ಯ, ತನಗಿಂತ ಮೈಲಿಗೆಯಾದವರು ಇದ್ದಾರೆಂದು ಒಪ್ಪಿಕೊಂಡು ಬದುಕಿದ. ಅದು ಹಳೆಯ ಕಾಲದ ಮಾತಲ್ಲ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿ, 1955ರ ಕಾನೂನು ಇಂಥ ನಿರಾಕರಣೆಯನ್ನು ಶಿಕ್ಷೆಗೆ ಗುರಿಯಾಗುವ ಅಪರಾಧ ಎಂದು ಮಾಡಿದ ಮೇಲೂ, ಹಳ್ಳಿಯ ಸಲೂನಿನಲ್ಲಿ ದಲಿತರಿಗೆ ಕ್ಷೌರ ನಿರಾಕರಿಸಿದ ಸುದ್ದಿ ನಮ್ಮ ರಾಜ್ಯದಿಂದಲೇ ಮತ್ತೆ ಮತ್ತೆ ಬರುತ್ತಿದೆ. ಕೆಲವು ಕಡೆ ಎಲ್ಲರಿಗೂ ಕೆಲಸ ಮಾಡುತ್ತೇನೆ ಎಂದ ನಮ್ಮವರಿಗೇ ಊರವರು ಬಹಿಷ್ಕಾರ ಹಾಕಿದ್ದೂ ಇದೆ. ಅವರ ಧೈರ್ಯಕ್ಕೆ ಶರಣು.

ಮುಂಬಯಿಯವರು ಬೇಡ ಅಂದದ್ದೂ ಬೇಡವೇ, ನಮ್ಮೂರಿನದೂ ಬೇಡವೇ. ಒಂದು ಧರ್ಮ, ಒಂದು ಅಧರ್ಮ. ವ್ಯತ್ಯಾಸ ಇಷ್ಟೇ: ವಿಧವೆ ತಾನಾಗಿ ತಲೆ ಬಾಗಿಸಲಿಲ್ಲ, ಬೇರೆಯವರು ಬಗ್ಗಿಸಿದರು. ದಲಿತ ಹುಡುಗ ತಾನಾಗಿ ಬಂದು, ನಿಮ್ಮ ಹಾಗೆ ನನಗೂ ಕ್ಷೌರ ಮಾಡಿ ಎಂದು ತಲೆ ಬಾಗಿಸಿದ. ತಾನಾಗಿ ಬಾಗಿದ ತಲೆ ಯಾರದೇ ಆಗಿರಲಿ, ಅದನ್ನು ಮುಟ್ಟಲೇಬೇಕು. ಬಲವಂತವಾಗಿ ಬಗ್ಗಿಸಿದ ತಲೆಯನ್ನು, ಯಾರೇ ಹೇಳಲಿ, ಮುಟ್ಟಬಾರದು. ನಮ್ಮ ಕೆಲಸ ಕಾಯಕವಾಗುವುದೂ ಆಗದಿರುವುದೂ ಇದರಲ್ಲಿದೆ. ಹುಬ್ಬು ತಿಂಗಳಿಗೆ ಬೆಳೆಯುತ್ತದೋ ವರ್ಷಕ್ಕೆ ಬೆಳೆಯುತ್ತದೋ ಅನ್ನುವುದರಲ್ಲಿ ಅಲ್ಲ.

ಇವತ್ತಿನ ಪಾರ್ಲರಿನಲ್ಲಿ ಬಲವಂತ ಬೇರೆ ವೇಷದಲ್ಲಿ ಬರುತ್ತದೆ. ಮದುವೆಗೆ ಎರಡು ತಿಂಗಳಿದೆ ಎನ್ನುವಾಗ ತಾಯಿ ಮಗಳನ್ನು ಕರೆತಂದು, ಹುಡುಗನ ಕಡೆಯವರು ಬಣ್ಣ ಕಮ್ಮಿ ಅಂದರು, ಏನಾದರೂ ಮಾಡಿ ಬೆಳ್ಳಗೆ ಮಾಡಿ ಅನ್ನುತ್ತಾಳೆ. ಹುಡುಗಿ ನೆಲ ನೋಡುತ್ತಾ ಕೂತಿರುತ್ತಾಳೆ. ಅದೂ ಬಗ್ಗಿಸಿದ ತಲೆಯೇ. ನಮ್ಮ ರಾಮ ಕಪ್ಪು, ಕೃಷ್ಣ ಕಪ್ಪು, ದ್ರೌಪದಿ ಕಪ್ಪು. ಅವರನ್ನು ಪೂಜಿಸುವ ಮನೆಗಳಲ್ಲಿ ಮಗಳ ಬಣ್ಣ ಮಾತ್ರ ಹೇಗೆ ಕುಂದಾಯಿತು? ಬೆಳ್ಳಗೆ ಮಾಡುವ ಕ್ರೀಮುಗಳು ಎಂದು ಕೈಯಿಂದ ಕೈಗೆ ಹೋಗುವ ಎಷ್ಟೋ ಟ್ಯೂಬುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಮೊದಲು ಚರ್ಮ ತಿಳಿಯಾದಂತೆ ಕಾಣುತ್ತದೆ. ತಿಂಗಳುಗಳು ಕಳೆದ ಮೇಲೆ ತೆಳ್ಳಗಾಗಿ, ಕೆಂಪಾಗಿ, ಬಿಸಿಲು ತಾಗಿದರೆ ಉರಿಯುತ್ತದೆ, ಬಿಟ್ಟರೆ ಮೊಡವೆ ಕಿತ್ತುಕೊಂಡು ಬರುತ್ತದೆ. ಈ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು 2018ರಲ್ಲಿ ಕೇಂದ್ರ ಸರ್ಕಾರ ನಿಯಮ ಬಿಗಿ ಮಾಡಿತು. 2020ರಲ್ಲಿ ಫೇರ್ ಅಂಡ್ ಲವ್ಲಿ ಹೆಸರು ಬದಲಿಸಿಕೊಂಡು ಗ್ಲೋ ಅಂಡ್ ಲವ್ಲಿ ಆಯಿತು. ಹೆಸರು ಬದಲಾದಷ್ಟು ಸುಲಭವಾಗಿ ಮನಸ್ಸು ಬದಲಾಗಿಲ್ಲ. ನಾನು ತಾಯಿಯನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ಹುಡುಗಿಯನ್ನು ಕೇಳುತ್ತೇನೆ, ನಿನಗೇನು ಬೇಕು ಮಗಳೇ ಎಂದು. ಅವಳ ಬಣ್ಣಕ್ಕೆ ಸರಿಹೊಂದುವ ಫೌಂಡೇಶನ್ನನ್ನೇ ಹಚ್ಚುತ್ತೇನೆ, ಎರಡು ಶೇಡ್ ತಿಳಿಯಾದದ್ದು ಹಚ್ಚುವುದಿಲ್ಲ. ಇದರಿಂದ ಕೆಲವು ಮದುವೆ ಆರ್ಡರುಗಳು ಕೈತಪ್ಪಿವೆ, ತಪ್ಪಲಿ.

ಕೇಳದೆ ಮುಟ್ಟಬಾರದು ಅನ್ನುವುದರ ಜೊತೆಗೆ, ತಿಳಿಯದೆಯೂ ಮುಟ್ಟಬಾರದು. ಕಪ್ಪು ಹೇರ್ ಡೈಗಳಲ್ಲಿ ಇರುವ ಪಿಪಿಡಿ ಎಂಬ ರಾಸಾಯನಿಕ ಕೆಲವರಿಗೆ ಮುಖವೆಲ್ಲ ಊದಿಸಿಬಿಡುತ್ತದೆ. ಕಿವಿಯ ಹಿಂದೆ ಚೂರು ಹಚ್ಚಿ 48 ಗಂಟೆ ಕಾಯಬೇಕು. ಹಬ್ಬದ ಹಿಂದಿನ ದಿನ ಬಂದು ಈಗಲೇ ಹಚ್ಚಿ ಅನ್ನುವವರಿಗೆ ಇಲ್ಲ ಅನ್ನಬೇಕು. ಕೂದಲು ನೇರ ಮಾಡುವ ಕೆಲವು ದ್ರಾವಣಗಳನ್ನು ಬಿಸಿ ಮಾಡಿದಾಗ ಫಾರ್ಮಾಲ್ಡಿಹೈಡ್ ಹೊಗೆ ಬರುತ್ತದೆ. ಅದನ್ನು ಗಿರಾಕಿ ಒಂದು ದಿನ ಕುಡಿದರೆ ಕೆಲಸದ ಹುಡುಗಿ ದಿನಾ ಕುಡಿಯುತ್ತಾಳೆ. ಅಹಿಂಸೆಯನ್ನು ದೊಡ್ಡ ಮಾತಾಗಿ ಹೇಳುವುದಕ್ಕಿಂತ ಕಿಟಕಿ ತೆರೆದು, ಮಾಸ್ಕ್ ಕೊಟ್ಟು, ಬ್ಲೇಡನ್ನು ಒಬ್ಬರಿಗೆ ಒಂದೇ ಸಲ ಬಳಸಿ ಎಸೆಯುವುದು ಮೇಲು.

ನನ್ನ ಬಳಿ ಕಲಿತ ಒಬ್ಬಳು ಮುಸ್ಲಿಂ ಹುಡುಗಿ, ಹುಬ್ಬಿನ ಕೂದಲು ತೆಗೆಯುವುದನ್ನು ಪ್ರವಾದಿಗಳು ನಿಷೇಧಿಸಿದ್ದಾರೆ, ನಾನು ಐಬ್ರೋ ಮಾಡುವುದಿಲ್ಲ ಅಕ್ಕ, ಉಳಿದದ್ದೆಲ್ಲ ಕಲಿಯುತ್ತೇನೆ ಎಂದಳು. ಪಾರ್ಲರಿನಲ್ಲಿ ಐಬ್ರೋ ಇಲ್ಲದೆ ಹೊಟ್ಟೆಪಾಡು ಕಷ್ಟ ಎಂದು ಉಳಿದವರು ಹೇಳಿದರು. ನಾನು ಅವಳ ಮಾತನ್ನು ಗೌರವಿಸಿದೆ. ತನ್ನ ಕೈ ಎಲ್ಲಿ ನಿಲ್ಲಬೇಕೆಂದು ಅವಳು ತಾನೇ ಯೋಚಿಸಿ ಗೆರೆ ಎಳೆದುಕೊಂಡಿದ್ದಳು, ಆ ಗೆರೆಯಿಂದ ಯಾರನ್ನೂ ಹೊರಗಿಡಲಿಲ್ಲ. ಇವತ್ತು ಹೇರ್ ಕಟ್ ಮತ್ತು ಮೆಹಂದಿಯಲ್ಲಿ ನಮ್ಮ ತಾಲ್ಲೂಕಿನಲ್ಲಿ ಅವಳದು ಒಳ್ಳೆಯ ಹೆಸರು.

ಕಲಿಯಲು ದಾರಿಗಳು ಈಗ ಬೇಕಾದಷ್ಟಿವೆ. ನಾನು ಕಲಿತದ್ದು ಉಜಿರೆಯ ರುಡ್‌ಸೆಟ್‌ನಲ್ಲಿ. 1982ರಲ್ಲಿ ಧರ್ಮಸ್ಥಳ ಮತ್ತು ಎರಡು ಬ್ಯಾಂಕುಗಳು ಸೇರಿ ಆರಂಭಿಸಿದ ಸಂಸ್ಥೆ ಅದು. ಊಟ, ವಸತಿ, ತರಬೇತಿ ಎಲ್ಲ ಉಚಿತ. ಐ.ಟಿ.ಐ.ಗಳಲ್ಲಿ ಒಂದು ವರ್ಷದ ಕಾಸ್ಮೆಟಾಲಜಿ ಕೋರ್ಸ್ ಇದೆ. 2023ರಲ್ಲಿ ಬಂದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕ್ಷೌರಿಕರದ್ದೂ ಒಂದು. ಮೊದಲ ಕಂತಿನಲ್ಲಿ ಒಂದು ಲಕ್ಷ ರೂಪಾಯಿವರೆಗೆ ಶೇ. 5ರ ಬಡ್ಡಿಯಲ್ಲಿ ಸಾಲ ಸಿಗುತ್ತದೆ. ಸಿನಿಮಾ ಕನಸಿರುವ ಹುಡುಗಿಯರು ಇದನ್ನು ತಿಳಿದಿರಬೇಕು: ಮುಂಬಯಿಯ ಚಿತ್ರರಂಗದಲ್ಲಿ ಹೆಂಗಸರು ಕೇಶವಿನ್ಯಾಸ ಮಾತ್ರ ಮಾಡಬಹುದು, ಮೇಕಪ್ ಗಂಡಸರದ್ದು ಎಂದು ಅವರ ಸಂಘ ದಶಕಗಳ ಕಾಲ ನಿಯಮ ಇಟ್ಟುಕೊಂಡಿತ್ತು. ಚಾರು ಖುರಾನಾ ಎಂಬ ಮೇಕಪ್ ಕಲಾವಿದೆ ಹೂಡಿದ ಮೊಕದ್ದಮೆಯಲ್ಲಿ 2014ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ನಿಯಮವನ್ನು ತೆಗೆದುಹಾಕಿತು.

ಇನ್ನು ಆ ಹಿರಿಯರ ಪ್ರಶ್ನೆಗೆ ಬಂದರೆ, ಶಾಲೆಯ ಒಬ್ಬ ಮೇಡಂ ನನ್ನ ಅಂಗಡಿಗೆ ಬಂದಿದ್ದನ್ನು ಹೇಳಬೇಕು. ಸ್ತನದ ಕ್ಯಾನ್ಸರಿಗೆ ಬೆಂಗಳೂರಿನಲ್ಲಿ ಕೀಮೋ ಶುರುವಾಗಿ ಎರಡು ವಾರ ಕಳೆದಿತ್ತು. ಬಾಚಿದರೆ ಕೂದಲು ಹಿಡಿಹಿಡಿಯಾಗಿ ಬರುತ್ತಿತ್ತು. ಪೂರ್ತಿ ಉದುರುವವರೆಗೆ ಕಾಯುವುದಿಲ್ಲ, ನಾನೇ ತೆಗೆಸಿಬಿಡುತ್ತೇನೆ ಎಂದರು. ಜೊತೆಗೆ ಬಂದಿದ್ದ ತಂಗಿ ಅಳುತ್ತಿದ್ದಳು, ಅವರು ಅಳಲಿಲ್ಲ. ಕನ್ನಡಿಯ ಕಡೆ ಕೂರುತ್ತೀರಾ, ಈ ಕಡೆಗಾ ಎಂದು ಕೇಳಿದೆ. ಕನ್ನಡಿಯ ಕಡೆಗೇ ಎಂದರು. ಮೊದಲು ಕೂದಲಿಗೆ ಸಡಿಲವಾಗಿ ಜಡೆ ಹಾಕಿ, ಎರಡು ತುದಿಗೂ ದಾರ ಕಟ್ಟಿ, ಕತ್ತರಿಸಿ ಅವರ ತೊಡೆಯ ಮೇಲಿಟ್ಟೆ. ಆಮೇಲೆ ಟ್ರಿಮ್ಮರ್. ಕತ್ತಿ ಬಳಸುವಂತಿಲ್ಲ, ಕೀಮೋದಲ್ಲಿ ಬಿಳಿ ರಕ್ತಕಣ ಇಳಿದಿರುತ್ತದೆ, ಸಣ್ಣ ಗಾಯವೂ ಸೋಂಕಾಗಬಹುದು. ಕತ್ತಿನ ಕೆಳಗಿನಿಂದ ಮೇಲಕ್ಕೆ, ಕಿವಿಯನ್ನು ಎಡಗೈಯಲ್ಲಿ ಮಡಿಸಿ ಹಿಡಿದು, ನಿಧಾನವಾಗಿ ತೆಗೆದೆ. ಮುಗಿದ ಮೇಲೆ ಒದ್ದೆ ಬಟ್ಟೆಯಿಂದ ತಲೆ ಒರೆಸಿ, ಕೊಬ್ಬರಿ ಎಣ್ಣೆ ಹಚ್ಚಿದೆ. ಹುಬ್ಬೂ ಉದುರಬಹುದು, ಪೆನ್ಸಿಲಿನಲ್ಲಿ ಬರೆದುಕೊಳ್ಳುವುದು ಹೇಗೆ ಎಂದು ಕೇಳಿದರು, ತೋರಿಸಿಕೊಟ್ಟೆ. ದುಡ್ಡು ಬೇಡ ಅಂದೆ. ಅವರು ಬಿಡಲಿಲ್ಲ: "ಪುಕ್ಕಟೆ ಮಾಡಿದರೆ ರೋಗಿಗೆ ಮಾಡಿದ ಹಾಗೆ. ದುಡ್ಡು ತಗೊಳ್ಳಿ, ಗಿರಾಕಿಗೆ ಮಾಡಿದ ಹಾಗಾಗ್ತದೆ." ತಗೊಂಡೆ.

ಅದೇ ಕೂದಲು, ಅದೇ ಬೋಳು ತಲೆ. ನಮ್ಮ ತಾತ ಹಿತ್ತಲ ಬಾಗಿಲಲ್ಲಿ ಮಾಡಿದ್ದೂ ಕೈಗೆ ಸಂಬಂಧಪಟ್ಟಷ್ಟರ ಮಟ್ಟಿಗೆ ಇದನ್ನೇ. ಅವರು ಮಾಡಿದ್ದು ಒಬ್ಬಳ ಬದುಕನ್ನು ಕಿತ್ತುಕೊಂಡಿತು, ಇದು ಒಬ್ಬಳ ಧೈರ್ಯದ ಜೊತೆ ನಿಂತಿತು. ಯಾರಿಗೆ ಏನು ಬಂತು ಎಂದು ಕೇಳಿದ ಆ ಹಿರಿಯರಿಗೆ ನಾನು ಹೇಳಿದ್ದು ಈ ಮೇಡಂ ಕಥೆಯನ್ನೇ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಮೊಮ್ಮಗಳನ್ನು ಸೇರಿಸಿಕೊಳ್ಳಿ ಎಂದರು. ಆ ಹುಡುಗಿ ಈಗ ಬೀರೂರಿನಲ್ಲಿ ಸ್ವಂತ ಅಂಗಡಿ ಇಟ್ಟಿದ್ದಾಳೆ.

ನನ್ನ ಅಂಗಡಿಯಲ್ಲಿ ಈಗ ಮುಖ್ಯ ಕೆಲಸಗಾರ್ತಿ ದಲಿತ ಕೇರಿಯ ಹುಡುಗಿ. ಮದುಮಗಳಿಗೆ ಸೀರೆ ಉಡಿಸಿ, ಮೊಗ್ಗಿನ ಜಡೆ ಹಾಕುವುದರಲ್ಲಿ ಅವಳ ಮುಂದೆ ನಾನೂ ಇಲ್ಲ. ಬೇರೆ ಯಾರಾದರೂ ಇದ್ದರೆ ಕಳಿಸಿ ಎಂದು ಕೆಲವರು ಮೆಲ್ಲಗೆ ಕೇಳುತ್ತಾರೆ. ಯಾಕೆ ಎಂದು ನನಗೂ ಗೊತ್ತು, ಅವರಿಗೂ ಗೊತ್ತು. ಇವಳೇ ಮಾಡುವುದು, ಇಷ್ಟವಿದ್ದರೆ ಕೂತುಕೊಳ್ಳಿ ಅನ್ನುತ್ತೇನೆ. ಕೆಲವರು ಎದ್ದು ಹೋಗುತ್ತಾರೆ, ಹೆಚ್ಚಿನವರು ಕೂರುತ್ತಾರೆ.

ಓದುಗರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಊರಿನ ಸಲೂನಿನಲ್ಲೋ ಪಾರ್ಲರಿನಲ್ಲೋ ಯಾರಿಗಾದರೂ ಜಾತಿಯ ಕಾರಣಕ್ಕೆ ಕುರ್ಚಿ ಇಲ್ಲ ಎಂದಾದರೆ, ಆ ಕುರ್ಚಿಯಲ್ಲಿ ನೀವೂ ಕೂರಬೇಡಿ. ಏಕೆ ಕೂರುತ್ತಿಲ್ಲ ಎಂದು ಅಂಗಡಿಯವನಿಗೆ ಹೇಳಿ, ಅವನನ್ನು ತಡೆಯುತ್ತಿರುವ ಊರಿನ ದೊಡ್ಡವರಿಗೂ ಹೇಳಿ. ಅವನು ಎಲ್ಲರಿಗೂ ಕೆಲಸ ಮಾಡುತ್ತೇನೆ ಎಂದು ಮುಂದೆ ಬಂದ ದಿನ, ಮೊದಲ ಗಿರಾಕಿಯಾಗಿ ಹೋಗಿ ಅವನ ಜೊತೆ ನಿಲ್ಲಿ.